ಸಿಂಪ್ಯೂಟರ್ ಮಕ್ಕಳ ಕೈಗೆ ಸಿಗಲಿಲ್ಲ

ಪರದೆ ಮುಟ್ಟಿ ಆಡುವ ಮಕ್ಕಳ ಕೈಯಂತ್ರಗಳಲ್ಲಿ ಮೊದಲನೆಯದು ಅಮೆರಿಕದ ಟೈಗರ್ ಕಂಪನಿಯ ಗೇಮ್.ಕಾಮ್. 1997ರಲ್ಲಿ ಬಂತು, 20ರಷ್ಟು ಆಟ ಕಂಡು 2000ದಲ್ಲಿ ನಿಂತಿತು. ಮರುವರ್ಷವೇ ಬೆಂಗಳೂರಿನಲ್ಲಿ ಪರದೆ ಮುಟ್ಟುವ ಇನ್ನೊಂದು ಕೈಯಂತ್ರ, ಸಿಂಪ್ಯೂಟರ್ ಎಂಬ ಕೈಗಣಕ, ಕಾಣಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರರು ಸೇರಿ ರೂಪಿಸಿದ ಈ ಯಂತ್ರ ಲಿನಕ್ಸ್ ಮೇಲೆ ನಡೆಯುತ್ತಿತ್ತು; ಕಡ್ಡಿಯಿಂದ ಪರದೆ ಮುಟ್ಟಿದರೆ ಸಾಕು, ಚಿತ್ರ ತೋರಿಸಿ ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಅದು ಸೋತದ್ದು ಬೆಲೆಯಿಂದ ಎನ್ನುವುದು ರೂಢಿಯ ಮಾತು. ನನಗೆ ಹಾಗೆನಿಸುವುದಿಲ್ಲ. ಅದರಲ್ಲಿ ಮಾಡಲು, ಆಡಲು, ಕೇಳಲು ಸಾಕಷ್ಟು ಸರಕು ಇರಲಿಲ್ಲ. ಇದ್ದಷ್ಟೂ ಮಕ್ಕಳಿಗಾಗಿ ಹುಟ್ಟಿದ್ದಲ್ಲ.

ಬೆಲೆಯ ವಾದವನ್ನು ತಳ್ಳಿಹಾಕುವಂತಿಲ್ಲ, ನಿಜ. 9,000 ರೂಪಾಯಿಗೆ ಕೊಡುವ ಆಸೆಯಿತ್ತು. 2004ರಲ್ಲಿ ಪಿಕೋಪೆಟಾ ಮತ್ತು ಬಿಇಎಲ್ ಕಂಪನಿಗಳು ತಂದ 'ಅಮಿಡಾ' ಎಂಬ ಸಿಂಪ್ಯೂಟರ್ 9,950ರಿಂದ 19,950ರವರೆಗೆ ಹೋಯಿತು. ಬೀದರ್ ತಾಲ್ಲೂಕಿನ ಮನ್ನಳ್ಳಿಯಂಥ ಊರಿನ ಕೂಲಿಮನೆಗೆ ಅದು ನಿಲುಕದ ದುಡ್ಡು. ಆದರೆ ಮನೆಗೊಂದು ಕೊಳ್ಳಲಿ ಎಂದು ಅದನ್ನು ಮಾಡಿರಲೇ ಇಲ್ಲ. ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ ಇತ್ತು: ಯಂತ್ರ ಊರಿಗೆಲ್ಲ ಒಂದು, ಕಾರ್ಡ್ ಮಾತ್ರ ಅವರವರದು. ಒಂದು ಶಾಲೆಯ ಮಕ್ಕಳೆಲ್ಲ ಸರದಿಯಲ್ಲಿ ಬಳಸಿ ತಂತಮ್ಮ ಪಾಠದ ಲೆಕ್ಕ ಕಾರ್ಡಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುವ ಬೀದರ್ ಸೀಮೆಯಲ್ಲಿ, ಇನ್ನೂ ಅಕ್ಷರ ಕೂಡಿಸಲು ಬಾರದ ಮಗುವಿಗೆ ಮನೆಮಾತಿನಲ್ಲೇ ಮಾತಾಡಬಲ್ಲ ಯಂತ್ರ ಎಂಥ ಆಸರೆಯಾಗುತ್ತಿತ್ತು! ಕೈ ತಿರುವಿದರೆ ಪುಟ ಮಗುಚುವ ಚಲನೆಯ ಸಂವೇದಕವೂ ಅಮಿಡಾದಲ್ಲಿತ್ತು, ಐಫೋನಿಗಿಂತ ಮೂರು ವರ್ಷ ಮೊದಲೇ.

ಹಳ್ಳಿಗೆ ಬೇಕಿದ್ದದ್ದು ಪಹಣಿ, ಸಾಲ, ಔಷಧ. ಆಟ ಆಮೇಲಿನ ಮಾತು ಎಂದು ಯಾರಾದರೂ ಹೇಳಬಹುದು. ರಾಜ್ಯ ಸರ್ಕಾರ ಭೂದಾಖಲೆ ಕೆಲಸಕ್ಕೆ ಸಿಂಪ್ಯೂಟರ್ ಬಳಸಿತು ಕೂಡ. ಆದರೆ ಕಚೇರಿಯ ಕೆಲಸಕ್ಕೆ ಬಂದ ಯಂತ್ರ ಕಚೇರಿಯವರ ಕೈಯಲ್ಲೇ ಉಳಿಯುತ್ತದೆ. ಪಹಣಿಗೆ ರೈತ ವರ್ಷದಲ್ಲಿ ಎಷ್ಟು ಸಲ ಹೋದಾನು? ದಿನವೂ ಕೈಗೆತ್ತಿಕೊಳ್ಳುವವರು ಮಕ್ಕಳು. ಮೊಬೈಲ್ ಬಂದದ್ದರಿಂದ ಸಿಂಪ್ಯೂಟರ್ ಸೋತಿತು ಎಂಬ ಮಾತೂ ಪೂರ್ತಿ ಒಪ್ಪುವಂಥದ್ದಲ್ಲ. ಅದೇ 2004ರಲ್ಲಿ ಬಂದ ನಿಂಟೆಂಡೊ ಡಿಎಸ್ ಕೂಡ ಕಡ್ಡಿಯಿಂದ ಮುಟ್ಟುವ ಯಂತ್ರವೇ. ಮೊಬೈಲ್ ಯುಗದಲ್ಲೇ 15 ಕೋಟಿಗೂ ಮೀರಿ ಮಾರಾಟವಾಯಿತು, ಏಕೆಂದರೆ ಅದಕ್ಕೆ ಆಟ ಬರೆಯುವವರ ದಂಡೇ ಇತ್ತು. ಸಿಂಪ್ಯೂಟರ್ 50,000 ಹೋದೀತೆಂಬ ನಿರೀಕ್ಷೆಯಿತ್ತು. 2005ರವರೆಗೆ ಹೋದದ್ದು ಸುಮಾರು 4,000.

ಇಂದು ಶಾಲೆಗಳಿಗೆ ಟ್ಯಾಬ್ ಹಂಚುವ ಯೋಜನೆ ಮಾಡುವವರಲ್ಲಿ ಕೇಳಿಕೊಳ್ಳುವುದಿಷ್ಟೇ: ಟೆಂಡರ್ ಕರೆಯುವ ಮುಂಚೆ ಕನ್ನಡದಲ್ಲಿ ಆಟ, ಕಥೆ, ಪಾಠ ಕಟ್ಟುವವರಿಗೆ ಹಣ ತೆಗೆದಿಡಿ.