ಮಗುವಿನ ಬುದ್ಧಿ ಬೆಳೆಯುವ ಬಗೆ: ಇಬ್ನು ಖಲ್ದೂನ್‌ರಿಂದ ನಲಿ-ಕಲಿಯವರೆಗೆ



‘ಇವನ ತಲೆಗೆ ಏನೂ ಹತ್ತೋದಿಲ್ಲ ಮೇಷ್ಟ್ರೇ, ಗ್ಯಾರೇಜಿಗೆ ಹಾಕಿಬಿಡ್ತೀವಿ.’ ಮಿರ್ಲೆಯಂಥ ಊರುಗಳಲ್ಲಿ ಪಾಠ ಹೇಳುವವರಿಗೆ ಈ ಮಾತು ಹೊಸದಲ್ಲ. ಹೇಳುವವರು ಮಗುವಿನ ಶತ್ರುಗಳಲ್ಲ, ಹೆತ್ತವರೇ. ಆದರೆ ಹತ್ತು ವರ್ಷದ ಮಗುವಿನ ಬಗ್ಗೆ ಇಂಥ ತೀರ್ಪು ಕೊಡಬಹುದೇ? ಮಗುವಿನ ಆಲೋಚನೆ ಹೇಗೆ ಬೆಳೆಯುತ್ತದೆ ಎಂಬುದನ್ನು ಹಿಂದಿನವರು ಹೇಗೆ ಕಂಡುಕೊಂಡರು ಎಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಇತಿಹಾಸಕಾರ ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮಾ’ ಗ್ರಂಥವನ್ನು 1377ರಲ್ಲಿ ಮುಗಿಸಿದರು. ಅದರಲ್ಲಿ ಕಲಿಕೆಯ ಬಗೆಗೂ ಅಧ್ಯಾಯಗಳಿವೆ. ಪಾಠವನ್ನು ಸ್ವಲ್ಪ ಸ್ವಲ್ಪವಾಗಿ ಮೂರು ಸುತ್ತಿನಲ್ಲಿ ಹೇಳಬೇಕು ಎಂಬುದು ಅವರ ಸಲಹೆ. ಮೊದಲು ವಿಷಯದ ಸ್ಥೂಲ ಪರಿಚಯ, ಬಳಿಕ ವಿವರ, ಕೊನೆಗೆ ಕಠಿಣ ಭಾಗ. ಕಲಿಯುವವನ ಮನಸ್ಸು ಸಿದ್ಧವಾಗುವ ಮೊದಲೇ ಕಠಿಣವಾದುದನ್ನು ಹೇರಿದರೆ ಅವನು ಕಲಿಕೆಯಿಂದಲೇ ದೂರ ಸರಿಯುತ್ತಾನೆ ಎಂದರು. ಮಕ್ಕಳನ್ನು ಕಠೋರವಾಗಿ ದಂಡಿಸಿದರೆ ಅವರು ಭಯದಿಂದ ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆ ಎಂದೂ ಎಚ್ಚರಿಸಿದರು.

ಆಧುನಿಕ ಕಾಲದಲ್ಲಿ ಈ ವಿಷಯ ಪ್ರಯೋಗಾಲಯಕ್ಕೆ ಬಂತು. ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಬುದ್ಧಿ ಪರೀಕ್ಷೆಯೊಂದನ್ನು ರಚಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವು ನೀಡುವುದು ಅದರ ಉದ್ದೇಶ. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದ ವಸ್ತು ಎಂಬುದನ್ನು ಬಿನೆ ಒಪ್ಪಲಿಲ್ಲ. ಅಭ್ಯಾಸದಿಂದ ಅದು ಬೆಳೆಯುತ್ತದೆ ಎಂಬುದೇ ಅವರ ನಂಬಿಕೆ.

ಈ ಪರೀಕ್ಷೆ ನಮ್ಮ ದೇಶಕ್ಕೂ ಬಂತು. ಹರ್ಬರ್ಟ್ ರೈಸ್ 1929ರಲ್ಲಿ ಹಿಂದೂಸ್ತಾನಿ ರೂಪವನ್ನು ಪ್ರಕಟಿಸಿದರು. ಧಾರವಾಡದ ಕಡೆ ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅದನ್ನು ಹೊಂದಿಸಿ 1940ರಲ್ಲಿ ಪುಸ್ತಕ ತಂದರು. ನಮ್ಮ ಮೈಸೂರಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರು. ಪ್ಯಾರಿಸ್ ಮಗುವಿಗೆ ಕೇಳಿದ ಪ್ರಶ್ನೆಯನ್ನೇ ನಮ್ಮ ಮಗುವಿಗೆ ಕೇಳಿದರೆ ನ್ಯಾಯವಾಗದು. ಆದ್ದರಿಂದಲೇ ಇಂಥ ಹೊಂದಾಣಿಕೆ ಬೇಕಾಯಿತು.

ಸ್ವಿಟ್ಜರ್ಲೆಂಡ್‌ನ ಜೀನ್ ಪಿಯಾಜೆ (1896-1980) ಯುವಕನಾಗಿದ್ದಾಗ ಪ್ಯಾರಿಸ್‌ನಲ್ಲಿ ಇಂಥ ಪರೀಕ್ಷೆಗಳ ಕೆಲಸ ಮಾಡುತ್ತಿದ್ದರು. ಎಲ್ಲರೂ ಸರಿ ಉತ್ತರಗಳನ್ನು ಎಣಿಸುತ್ತಿದ್ದಾಗ ಅವರು ತಪ್ಪು ಉತ್ತರಗಳ ಕಡೆ ಗಮನ ಕೊಟ್ಟರು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ಆ ತಪ್ಪಿನ ಹಿಂದೆಯೂ ಒಂದು ಆಲೋಚನಾ ಕ್ರಮವಿದೆ ಎಂದಾಯಿತು.

ಇದನ್ನು ನೀವೂ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಅಕ್ಕಿ ತುಂಬಿ ಐದು ವರ್ಷದ ಮಗುವಿಗೆ ತೋರಿಸಿ. ಒಂದು ಲೋಟದ ಅಕ್ಕಿಯನ್ನು ಅದರ ಕಣ್ಣೆದುರೇ ಸಪೂರವಾದ ಉದ್ದನೆಯ ಗ್ಲಾಸಿಗೆ ಸುರಿಯಿರಿ. ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಮಗು ಉದ್ದನೆಯ ಗ್ಲಾಸನ್ನು ತೋರಿಸಿ ‘ಇಸ್ಮೇ ಜಾಸ್ತಿ’ ಎನ್ನುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಅದೇ ಮಗು ‘ಅದೇ ಅಕ್ಕಿ ಅಲ್ವಾ?’ ಎಂದು ನಗುತ್ತದೆ. ನಡುವೆ ಆದದ್ದು ಬೆಳವಣಿಗೆ. ಇದನ್ನು ಬೈದು ಹೊಡೆದು ತರಿಸಲಾಗದು.

ಆದರೆ ವಯಸ್ಸಿನ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಮೆಕ್ಸಿಕೋದ ಕುಂಬಾರರ ಮಕ್ಕಳು ಜೇಡಿಮಣ್ಣಿನ ಇಂಥ ಪ್ರಶ್ನೆಗಳನ್ನು ಇತರರಿಗಿಂತ ಚೆನ್ನಾಗಿ ಬಿಡಿಸಿದ್ದನ್ನು 1969ರ ಅಧ್ಯಯನವೊಂದು ತೋರಿಸಿತು. ಕೈಗೆ ಅನುಭವ ಸಿಕ್ಕಷ್ಟೂ ಬುದ್ಧಿ ಬೇಗ ತೆರೆದುಕೊಳ್ಳುತ್ತದೆ. ರಷ್ಯಾದ ವೈಗಾಟ್ಸ್ಕಿ (1896-1934) ಹಿರಿಯರ ಮತ್ತು ಗೆಳೆಯರ ನೆರವಿಗೆ ಮಹತ್ವ ಕೊಟ್ಟರು.

ಈ ಚಿಂತನೆಗೆ ಹತ್ತಿರವಾದ ಒಂದು ಪ್ರಯೋಗ ನಮ್ಮ ಜಿಲ್ಲೆಯಲ್ಲೇ ನಡೆಯಿತು ಎಂಬುದು ಹೆಮ್ಮೆಯ ವಿಷಯ. 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಮದನಪಲ್ಲೆ ಬಳಿಯ ರಿಷಿ ವ್ಯಾಲಿಗೆ ಹೋಗಿ ಪದ್ಧತಿಯನ್ನು ನೋಡಿ ಬಂದು, ಇಲ್ಲಿನ ಮಕ್ಕಳಿಗೆ ತಕ್ಕಂತೆ ಕಾರ್ಡುಗಳನ್ನು ರಚಿಸಿದರು. ಪಾಠವನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡಿದರು. ಕೆಲವು ದಿನ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು.

ಇನ್ನು ಭಾಷೆಯ ಮಾತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆದರೆ ಮಗುವಿನ ಬುದ್ಧಿಗೆ ಭಾರವಾಗುತ್ತದೆ ಎಂದು ಹಲವರು ಹೆದರುತ್ತಾರೆ. ಒಡಿಶಾದ ಕೊಂಧ ಬುಡಕಟ್ಟಿನ ಮಕ್ಕಳನ್ನು ಅಧ್ಯಯನ ಮಾಡಿದ ಅಜಿತ್ ಮೊಹಾಂತಿಯವರ ಪುಸ್ತಕವನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1994ರಲ್ಲಿ ಪ್ರಕಟಿಸಿತು. ಕುಯಿ ಮತ್ತು ಒಡಿಯಾ ಎರಡನ್ನೂ ಬಲ್ಲ ಮಕ್ಕಳು ಒಂದೇ ಭಾಷೆ ಬಲ್ಲವರಿಗಿಂತ ಬುದ್ಧಿಯ ಕೆಲಸಗಳಲ್ಲಿ ಮುಂದಿದ್ದರು ಎಂಬುದು ಅವರು ಕಂಡ ಸಂಗತಿ. ಪ್ರಶ್ನೆಯೇ ಅರ್ಥವಾಗದೆ ಸುಮ್ಮನೆ ಕುಳಿತ ಮಗುವನ್ನು ನಾವು ದಡ್ಡ ಎಂದು ತಿಳಿಯಬಾರದು. ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿ ನೋಡಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕು ಎಂದೂ ಹೇಳಿದೆ. ಆದರೆ ಮನೆಯೊಳಗೆ ಆ ಕೆಲಸ ಮಾಡಬೇಕಾದವರು ನಾವು. ಸಂಘದ ಹಿರಿಯರೇ, ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ಮಗುವನ್ನು ಶಾಲೆ ಬಿಡಿಸಲು ಹೊರಟರೆ, ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ಮೊದಲು ಶಿಕ್ಷಕರನ್ನು ವಿಚಾರಿಸಿ. ವಿದ್ಯಾರ್ಥಿಗಳೇ, ನಿಮ್ಮ ತಮ್ಮ ತಂಗಿಯರು ತಪ್ಪು ಉತ್ತರ ಹೇಳಿದಾಗ ನಗಬೇಡಿ. ಹಾಗೇಕೆ ಅನ್ನಿಸಿತು ಎಂದು ಕೇಳಿ, ಅವರ ಜೊತೆ ಕುಳಿತು ಇನ್ನೊಮ್ಮೆ ಹೇಳಿಕೊಡಿ.