ಅಂಬಾರಿ ಆನೆಯ ನಡಿಗೆ: ನರವೇಗ, ಅನುಮಸ್ತಿಷ್ಕ ಮತ್ತು ದಸರಾ ತಾಲೀಮು

ದಸರಾ ಗಜಪಡೆ ಮೈಸೂರಿಗೆ ಬಂದಿಳಿದ ಮೇಲೆ ಆನೆಗಳನ್ನು ಧನ್ವಂತರಿ ರಸ್ತೆಯ ವೇಬ್ರಿಡ್ಜ್‌ನಲ್ಲಿ ತೂಗುವುದು ವಾಡಿಕೆ. 2020ರಿಂದ 2025ರವರೆಗೆ ಚಿನ್ನದ ಅಂಬಾರಿ ಹೊತ್ತ ಮತ್ತಿಗೋಡು ಶಿಬಿರದ ಅಭಿಮನ್ಯುವಿನ ತೂಕ 5,000 ಕೆ.ಜಿ.ಗೂ ಮಿಕ್ಕಿದ್ದು, ಅಂಬಾರಿಯದು ಸುಮಾರು 750 ಕೆ.ಜಿ. ಹೊರೆ ದೇಹತೂಕದ ಶೇ 15ನ್ನೂ ಮುಟ್ಟುವುದಿಲ್ಲ. 60 ಕೆ.ಜಿ. ತೂಗುವ ಕಾಲೇಜು ಹುಡುಗ 9 ಕೆ.ಜಿ.ಯೊಳಗಿನ ಚೀಲವನ್ನು ಬೆನ್ನಿಗೇರಿಸಿದಷ್ಟೇ. ಇಷ್ಟಕ್ಕೆ ವಾರಗಟ್ಟಲೆ ತಾಲೀಮು ಏಕೆ? ಆನೆಗೆ ಶಕ್ತಿ ಬರಲೆಂದು ಎಂಬ ರೂಢಿಯ ಉತ್ತರ ಈ ಲೆಕ್ಕದ ಮುಂದೆ ನಿಲ್ಲದು. ತಾಲೀಮು ತಿದ್ದುವುದು ಸ್ನಾಯುಗಳಿಗಿಂತ ಹೆಚ್ಚಾಗಿ ನರಮಂಡಲವನ್ನು ಎಂಬುದು ಈ ಲೇಖನದ ವಾದ.

ಹೀದರ್ ಮೋರ್, ಮ್ಯಾಕ್ಸ್ ಡೊನೆಲನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಏಷ್ಯಾದ ಆನೆಯ ಕಾಲಿನ ನರದಲ್ಲಿ ಸಂದೇಶ ಸಾಗುವ ವೇಗ ಸೆಕೆಂಡಿಗೆ ಸುಮಾರು 70 ಮೀಟರ್. ಅಂಗೈಯಲ್ಲಿ ಹಿಡಿಸುವ ಸುಂಡಿಲಿಯ ನರವೇಗವೂ ಇದರ ಅರ್ಧಕ್ಕಿಂತ ಹೆಚ್ಚೇ ಇದೆ. ದೇಹ ಲಕ್ಷಾಂತರ ಪಟ್ಟು ಬೆಳೆದರೂ ನರದ ವೇಗ ಇಮ್ಮಡಿಯೂ ಆಗಿಲ್ಲ. ಆನೆಯ ಹಿಂಗಾಲಿನಿಂದ ಮೆದುಳಿಗೆ ದಾರಿ 4 ಮೀಟರ್ ಎಂದಿಟ್ಟುಕೊಂಡರೆ, ಕಾಲಡಿಯ ಸುದ್ದಿ ಮೇಲೇರಿ ಆಜ್ಞೆ ಕೆಳಗಿಳಿಯಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬೇಕು. ನರಸಂಧಿಗಳಲ್ಲಿ ಆಗುವ ತಡವೂ ಸ್ನಾಯು ಬಿಗಿಯಾಗಲು ಹಿಡಿಯುವ ಹೊತ್ತೂ ಈ ಲೆಕ್ಕದ ಹೊರಗಿವೆ. ಮೆದುಳುಬಳ್ಳಿಯ ಮಟ್ಟದಲ್ಲೇ ಮುಗಿಯುವ ಪರಾವರ್ತಿತ ಪ್ರತಿಕ್ರಿಯೆಗೆ ದಾರಿ ಹತ್ತಿರ ನಿಜ, ಆದರೆ ಅದು ಒಂದು ಕಾಲಿನ ಎಡವಿಕೆಯನ್ನು ಸರಿಪಡಿಸೀತೇ ಹೊರತು ಬೆನ್ನ ಮೇಲಿನ ಭಾರದ ಓಲಾಟವನ್ನಲ್ಲ.

ತಡವನ್ನು ಹೆಜ್ಜೆಯ ಅವಧಿಯೊಡನೆ ಹೋಲಿಸಿಯೇ ಅಳೆಯಬೇಕು. ನಿಧಾನ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಬಿಡುವು ಹೆಚ್ಚು, ತಿದ್ದುಪಡಿಗೆ ಸಮಯ ಸಿಗುತ್ತದೆ. ಜಾನ್ ಹಚಿನ್‌ಸನ್ ತಂಡ 2003ರಲ್ಲಿ ಥಾಯ್ಲೆಂಡ್‌ನ ಆನೆಗಳನ್ನು ಅಳೆದಾಗ ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದರೂ ನಾಲ್ಕೂ ಕಾಲುಗಳು ಒಟ್ಟಿಗೆ ನೆಲ ಬಿಡಲಿಲ್ಲ. ಜಂಬೂ ಸವಾರಿಯ ಮಂದಗತಿಯನ್ನು ನಾವು ಗಾಂಭೀರ್ಯವೆಂದು ನೋಡುತ್ತೇವೆ. ನರವಿಜ್ಞಾನದ ಕಣ್ಣಿಗೆ ಅದು ಕಾಲಾವಕಾಶದ ಗಳಿಕೆ.

ಉಳಿದ ಕೊರತೆಯನ್ನು ತುಂಬುವುದು ಮುನ್ಸೂಚನೆ. ಆಜ್ಞೆ ಹೊರಟಾಗಲೇ ಅದರ ಒಂದು ಪ್ರತಿ, ಚಲನೆಯನ್ನು ಹೊಂದಿಸುವ ಮೆದುಳಿನ ಭಾಗವಾದ ಅನುಮಸ್ತಿಷ್ಕಕ್ಕೂ (ಸೆರೆಬೆಲ್ಲಮ್) ಹೋಗುತ್ತದೆ. ಮುಂದೇನಾಗಬೇಕೆಂದು ಅದು ಮೊದಲೇ ಅಂದಾಜಿಸಿ, ಬಂದ ಸುದ್ದಿಯೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಮುಂದಿನ ಅಂದಾಜನ್ನು ತಿದ್ದುತ್ತದೆ. ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಸಂಗಡಿಗರು 2014ರಲ್ಲಿ ಆಫ್ರಿಕಾದ ಆನೆಯೊಂದರ ಮೆದುಳಿನಲ್ಲಿ ಸುಮಾರು 25,700 ಕೋಟಿ ನರಕೋಶಗಳನ್ನು ಎಣಿಸಿದರು. ಅದರಲ್ಲಿ ಶೇ 97.5ರಷ್ಟು ಅನುಮಸ್ತಿಷ್ಕದಲ್ಲೇ ಇದ್ದವು. ಮನುಷ್ಯನಲ್ಲಿ ಈ ಪಾಲು ಶೇ 80ರ ಸುತ್ತ. ಈ ಅತಿರೇಕಕ್ಕೆ ಸೊಂಡಿಲೇ ಕಾರಣವೆಂಬ ಊಹೆ ಪ್ರಬಲವಾಗಿದೆ: ಎಲುಬಿಲ್ಲದ ಆ ಅಂಗದಲ್ಲಿ ಸುಮಾರು 90,000 ಸ್ನಾಯುಕಟ್ಟುಗಳಿವೆ. ಸೊಂಡಿಲಿನ ಪಾಲೆಷ್ಟೇ ಇರಲಿ, ನಡಿಗೆಯ ಮುನ್ಸೂಚನೆಗೆ ಬೇಕಾದ ಸಾಮಗ್ರಿಯಂತೂ ಆನೆಯಲ್ಲಿ ಧಾರಾಳ.

ಈಗ ತಾಲೀಮಿನ ಕ್ರಮ ಗಮನಿಸಿ. ಮೊದಲು ಬರಿಮೈ ನಡಿಗೆ. ಬಳಿಕ ನಮ್ದಾ, ಗಾದಿ ಕಟ್ಟಿ ಮರಳು ಮೂಟೆ. ಅದರ ಭಾರ ಹಂತಹಂತವಾಗಿ ಏರುತ್ತದೆ. ಆಮೇಲೆ ಮರದ ಅಂಬಾರಿ. ಬರಿಯ ಬಲವರ್ಧನೆಯೇ ಗುರಿಯಾಗಿದ್ದರೆ ಮೂಟೆಯೇ ಸಾಕಿತ್ತು. ಮರದ ಅಂಬಾರಿ ಕಲಿಸುವುದು ಎತ್ತರವನ್ನು. ಭಾರ ಬೆನ್ನಿನಿಂದ ಮೇಲೆದ್ದು ನಿಂತಾಗ ಗುರುತ್ವಕೇಂದ್ರ ಏರುತ್ತದೆ, ತಿರುವಿನಲ್ಲಿ ಓಲಾಟ ತಡವಾಗಿ ಬಂದು ತಡವಾಗಿ ನಿಲ್ಲುತ್ತದೆ. ಅರಮನೆಯಿಂದ ಕೆ.ಆರ್. ವೃತ್ತ ಬಳಸಿ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಸಾಗುವ ಸುಮಾರು 5 ಕಿ.ಮೀ. ದಾರಿಯಲ್ಲೇ ಈ ಅಭ್ಯಾಸ ನಡೆಯುವುದು ಅರ್ಥಪೂರ್ಣ. ಅನುಮಸ್ತಿಷ್ಕ ಕಲಿಯುವುದು ಪುನರಾವರ್ತನೆಯಿಂದ, ಸಣ್ಣ ಸಣ್ಣ ತಪ್ಪುಗಳಿಂದ. ಭಾರವನ್ನು ಏಕಾಏಕಿ ಹೇರದೆ ಸ್ವಲ್ಪಸ್ವಲ್ಪವೇ ಏರಿಸುವುದು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕುಶಾಲತೋಪಿನ ತಾಲೀಮನ್ನು ಇದರೊಡನೆ ಬೆರೆಸಬಾರದು. ಫಿರಂಗಿ ಸದ್ದಿಗೆ ಬೆಚ್ಚುವುದು ಮೆದುಳುಕಾಂಡದ ಕೆಲಸ. ಅಪಾಯವಿಲ್ಲದ ಸದ್ದು ಮತ್ತೆ ಮತ್ತೆ ಕೇಳಿದಾಗ ಆ ಪ್ರತಿಕ್ರಿಯೆ ಮಂಕಾಗುತ್ತದೆ. ಒಂದು ಕಡೆ ಹೊಸತನ್ನು ಕಲಿಯುವುದು, ಇನ್ನೊಂದು ಕಡೆ ಹಳೆಯದನ್ನು ತಡೆಹಿಡಿಯುವುದು. ಇಕ್ಕೆಲಗಳಲ್ಲಿ ಸಾಗುವ ಕುಮ್ಕಿ ಆನೆಗಳು ಅಂಬಾರಿ ಆನೆಯನ್ನು ಶಾಂತವಾಗಿಡುತ್ತವೆ. ಇನ್ನು ಕಿವಿಯ ಹಿಂದೆ ಕಾಲ್ಬೆರಳೊತ್ತಿ ತಿರುವನ್ನು ಮುಂಚೆಯೇ ತಿಳಿಸುವ ಮಾವುತ, ಆನೆಯ ನರಮಂಡಲಕ್ಕೆ ಹೊರಗಿನಿಂದ ಜೋಡಿಸಿದ ಮುನ್ಸೂಚಕ. ಕಾವಾಡಿ, ಮಾವುತರ ಅನುಭವವನ್ನು ಬರಿಯ ಜಾನಪದ ಸಾಮಗ್ರಿಯಾಗಿ ದಾಖಲಿಸಿ ಸುಮ್ಮನಾಗುವುದು ಸಂಶೋಧನೆಯ ಸೋಮಾರಿತನ.

ಈ ವಾದವನ್ನು ಪರೀಕ್ಷಿಸುವುದು ಕಷ್ಟವಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ, ಹೊಸ ಹೊರೆ ಅಥವಾ ಒತ್ತಡಕ್ಕೆ ಹೊಂದಿಕೊಂಡ ಅಂಗ ಅದನ್ನು ತೆಗೆದ ಬಳಿಕವೂ ಕೆಲಹೊತ್ತು ಹೊರೆ ಇದೆಯೆಂಬಂತೆಯೇ ಚಲಿಸುತ್ತದೆ. ಅನುಮಸ್ತಿಷ್ಕ ಕೆಟ್ಟವರಲ್ಲಿ ಈ ಉಳಿಕೆ ಕ್ಷೀಣ. ಆನೆಯ ನಾಲ್ಕೂ ಕಾಲುಗಳಿಗೆ ಚಲನಮಾಪಕ ಕಟ್ಟಿ, ಮರದ ಅಂಬಾರಿ ಇಳಿಸಿದ ಕೂಡಲೇ ಅರಮನೆ ಆವರಣದಲ್ಲಿ ಬರಿಮೈಯಲ್ಲಿ ನಡೆಸಿ ಹೆಜ್ಜೆಯ ಅವಧಿ ಮತ್ತು ಮೈಯ ಓಲಾಟವನ್ನು ಅಳೆಯಬೇಕು. ತಾಲೀಮು ಸ್ನಾಯುವನ್ನಷ್ಟೇ ಬಲಪಡಿಸಿದ್ದರೆ ನಡಿಗೆ ಮೊದಲ ಹೆಜ್ಜೆಯಿಂದಲೇ ಹಳೆಯ ಲಯಕ್ಕೆ ಮರಳುತ್ತದೆ. ಮುನ್ಸೂಚನೆಯನ್ನು ತಿದ್ದಿದ್ದರೆ ಮೊದಲ ಕೆಲವು ಹೆಜ್ಜೆಗಳಲ್ಲಿ, ಬೆನ್ನ ಮೇಲಿಲ್ಲದ ಅಂಬಾರಿಯ ಲೆಕ್ಕವೂ ಸೇರಿರುತ್ತದೆ.