ಬಳ್ಳಾರಿ ದಾರಿಯ ಜೂಡೊ

ಬೆಂಗಳೂರಿನ ನಮ್ಮ ಅಮೃತಹಳ್ಳಿಯ ಪಕ್ಕದ ರಸ್ತೆಯನ್ನು ಜನ ಈಗ ಏರ್‌ಪೋರ್ಟ್ ರೋಡ್ ಎನ್ನುತ್ತಾರೆ. ಮಕ್ಕಳಿಗೆ ಜೂಡೊ ಹೇಳಿಕೊಡುವ ನನಗೆ ಅದು ಇಂದಿಗೂ ಬಳ್ಳಾರಿ ರಸ್ತೆಯೇ. ಭಾರತದ ಜೂಡೊ ಚರಿತ್ರೆ ಮಗ್ಗುಲು ಬದಲಿಸಿದ್ದು ಬಳ್ಳಾರಿ ಸೀಮೆಯಲ್ಲಿ, ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ.

2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಚಾಂಪಿಯನ್‌ಷಿಪ್‌ನ 57 ಕೆ.ಜಿ. ವಿಭಾಗದಲ್ಲಿ ಲಿಂತೋಯ್ ಚನಂಬಮ್ ಚಿನ್ನ ಗೆದ್ದಳು. ಯಾವುದೇ ವಯೋಮಾನದ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಹುಡುಗಿ ಮಣಿಪುರದವಳು. ಪಳಗಿದ್ದು ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಜಾರ್ಜಿಯಾದ ಕೋಚ್ ಮಮುಕಾ ಕಿಜಿಲಾಶ್ವಿಲಿ ಅವರ ಕೈಯಲ್ಲಿ.

ಜೂಡೊ ನಮಗೆ ನಿನ್ನೆ ಮೊನ್ನೆಯದೇನಲ್ಲ. ಜೂಡೊ ಜನಕ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ಕಟ್ಟಿದರು. ರವೀಂದ್ರನಾಥ ಠಾಕೂರರು 1929ರಲ್ಲೇ ತಕಾಗಾಕಿ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಆದರೂ ಲಂಡನ್, ರಿಯೊ, ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ಗೆ ನಮ್ಮಿಂದ ಹೋದವರು ಒಬ್ಬೊಬ್ಬರೇ: ಗರಿಮಾ ಚೌಧರಿ, ಅವತಾರ್ ಸಿಂಗ್, ಸುಶೀಲಾ ದೇವಿ, ತುಲಿಕಾ ಮಾನ್. ಅವರ ಎದೆಗಾರಿಕೆಗೆ ಏನೂ ಕಡಿಮೆ ಇರಲಿಲ್ಲ. ಬೆನ್ನಿಗೆ ಇರಬೇಕಾದ ವ್ಯವಸ್ಥೆ ಸಾಲಲಿಲ್ಲ.

ಓಟದ ಹುಡುಗಿ ಒಬ್ಬಳೇ ಮೈದಾನ ಸುತ್ತಬಹುದು. ಜೂಡೊ ಒಬ್ಬರಿಂದ ಆಗುವ ಕೆಲಸವಲ್ಲ. ಎದುರಾಳಿಯ ಕಾಲರ್ ಮತ್ತು ತೋಳು ಕೈಗೆ ಸಿಕ್ಕ ಕ್ಷಣದಲ್ಲಿ, ಅವಳ ಭಾರ ಯಾವ ಪಾದಕ್ಕೆ ಜರುಗಿತೆಂಬುದು ಬೆರಳಿಗೆ ಗೊತ್ತಾಗಬೇಕು. ಗೊತ್ತಾದ ಕೂಡಲೇ ಸೊಂಟ ತಿರುಗಬೇಕು. ಇದು ಕೈಹತ್ತಲು ಸರಿಸಮ ತೂಕದ, ಬೇರೆ ಬೇರೆ ಪಟ್ಟು ಬಲ್ಲ ಜೊತೆಗಾರ್ತಿಯರ ಎದುರು ದಿನವೂ ರಾಂಡೊರಿ, ಅಂದರೆ ಮುಕ್ತ ಅಭ್ಯಾಸದ ಸೆಣಸು, ಆಡಬೇಕು. ಜಪಾನಿನಲ್ಲಿ ಶಾಲೆ, ವಿಶ್ವವಿದ್ಯಾಲಯ, ಪೊಲೀಸ್ ಇಲಾಖೆಗಳು ಅಂಥ ಜೊತೆ ಒದಗಿಸುತ್ತವೆ. ಫ್ರಾನ್ಸ್‌ನಲ್ಲಿ ಊರೂರಿನ ಕ್ಲಬ್‌ಗಳಲ್ಲಿ ಬೆಳೆದವರನ್ನು ಪ್ಯಾರಿಸ್‌ನ ಇನ್ಸೆಪ್ ಕೇಂದ್ರ ಒಟ್ಟುಗೂಡಿಸುತ್ತದೆ. ಮೈಸೂರಿನ ಗರಡಿಗಳೂ ಹೀಗೆಯೇ ಪೈಲ್ವಾನರನ್ನು ಬೆಳೆಸಿದವು: ಉಸ್ತಾದ್, ಕೆಮ್ಮಣ್ಣಿನ ಮಟ್ಟಿ, ಜೋಡಿ, ಎಲ್ಲ ಒಂದೇ ಸೂರಿನಡಿ.

2018ರಲ್ಲಿ ಉದ್ಘಾಟನೆಯಾದ ವಿಜಯನಗರದ ಸಂಸ್ಥೆ ವಸತಿ, ಊಟ, ಓದು, ಫಿಸಿಯೊ, ಕೋಚ್ ಎಲ್ಲವನ್ನೂ ಒಂದೇ ಅಂಗಳಕ್ಕೆ ತಂದಿತು. ಲಿಂತೋಯ್ ಮಣಿಪುರದಿಂದ ತಂದ ಕಸುವಿಗೆ ಅಲ್ಲಿ ಆಸರೆ ಸಿಕ್ಕಿತು.

ಪದಕ ಬಂದ ಮೇಲೆ ಸರ್ಕಾರ ನಗದು ಬಹುಮಾನ ಕೊಡಲಿ, ಸಂತೋಷ. ಆದರೆ ಹೆಬ್ಬಾಳ, ಯಲಹಂಕ ಕಡೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಅದಕ್ಕಿಂತ ಮೊದಲು ಒಂದು ಒಳ್ಳೆಯ ಮ್ಯಾಟ್, ಖಾಯಂ ಕೋಚ್, ತೂಕಕ್ಕೆ ತಕ್ಕ ಜೊತೆ ಬೇಕು. ಇಷ್ಟನ್ನು ಒದಗಿಸಿ, ಹತ್ತು ವರ್ಷ ಕೈಬಿಡದೆ ನಡೆಸಿ.